ಒಂದೇ ಉಸಿರಿಗೆ ಮೂರು ಮಾತು

"ಮರಿ, ಒಳಗೆ ಹೋಗಿ ಕಪ್ಪು ದಾರ ತಗೋ, ಕಪಾಟಲ್ಲಿರೋ ಟೇಪು ತಗೋ, ಬರ್ತಾ ಫ್ಯಾನ್ ಆರಿಸ್ಬಿಟ್ಟು ಬಾ."

ಮಗ ಗೋಡೆ ಹಿಡಿದುಕೊಂಡು ಒಳಗೆ ಹೋದ. ಬಹಳ ಹೊತ್ತಾದ ಮೇಲೆ ಬರಿಗೈಯಲ್ಲಿ ಬಂದು ನಿಂತ. ಒಳಗೆ ಫ್ಯಾನು ತಿರುಗುತ್ತಲೇ ಇತ್ತು.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಾಯಿಗೆ ಏನೂ ತೋಚಲಿಲ್ಲ. ಡಾಕ್ಟರು ಸ್ನಾಯುಕ್ಷಯ ಎಂದಿದ್ದರು. ಅದು ಕೈಕಾಲಿನ ಕಾಯಿಲೆ ಎಂದುಕೊಂಡಿದ್ದಳು. ಹಾಗಾದರೆ ಇದೇನು? ಹೋದ ವರ್ಷ ನೋಡಿದ ಸಿನಿಮಾದ ಕಥೆಯನ್ನು ಒಂದೆಳೆ ಬಿಡದೆ ಹೇಳುವ ಹುಡುಗ, ಒಳಕೋಣೆ ಮುಟ್ಟುವಷ್ಟರಲ್ಲಿ ಟೇಪು ಮರೆಯುತ್ತಾನೆಯೇ?

"ರೋಗ ತಲೆಗೂ ಹತ್ತಿದೆ," ಎಂದ ಗಂಡ, ಮೆಲ್ಲಗೆ. ಆದರೆ ಮನೆ ಚಿಕ್ಕದು, ಮಗನಿಗೆ ಕೇಳಿಸಿತು. "ಸ್ಕೂಲಲ್ಲೂ ಅದನ್ನೇ ಅಂದ್ರು. ನಾಳೆ ಹೋಗಿ ಬಿಡಿಸ್ಕೊಂಡು ಬರ್ತೀನಿ. ದಿನಾ ಬೈಸ್ಕೊಳ್ಳೋದು ಯಾಕೆ?"

ಅದು ಬೇಸರವೋ ಪ್ರೀತಿಯೋ ಅವಳಿಗೆ ತಿಳಿಯಲಿಲ್ಲ.

ಸಂಜೆ ಮಗನಿಗೆ ವ್ಯಾಯಾಮ ಮಾಡಿಸಲು ಫಿಸಿಯೋ ಮೇಡಂ ಬಂದಾಗ ಅವಳು ತಡೆಯಲಾಗದೆ ಕೇಳಿದಳು: "ಇವನಿಗೆ ಬುದ್ಧಿ ಇದೆಯಾ ಇಲ್ವಾ ಮೇಡಂ? ಹೇಳಿಬಿಡಿ." ಬೆಳಗಿನದನ್ನೆಲ್ಲ ವಿವರಿಸಿದಳು.

"ಬುದ್ಧಿಗೇನಕ್ಕಾ, ಇದೆ. ನೀವ್ಯಾಕೆ ಮೂರೂ ಒಟ್ಟಿಗೆ ಹೇಳಿದ್ರಿ?"

"ಮತ್ತಿನ್ನೇನು, ಮೂರು ಸಲ ನಡೆಸ್ಲಾ? ಒಂದೇ ಓಡಾಟದಲ್ಲಿ ಮುಗೀಲಿ ಅಂತ."

"ಕಾಲಿನ ಭಾರ ಇಳಿಸೋಕೆ ಹೋಗಿ ತಲೆಗೆ ಹೊರಿಸಿದ್ರಿ. ಈ ಕಾಯಿಲೆ ಇರೋ ಕೆಲವು ಮಕ್ಕಳಿಗೆ, ಎಲ್ಲರಿಗೂ ಅಲ್ಲ, ಕೇಳಿದ್ದನ್ನ ಸಾಲಾಗಿ ಹಿಡಿದಿಟ್ಕೊಳ್ಳೋದು ಕಷ್ಟ. ಓದು, ಲೆಕ್ಕನೂ ನಿಧಾನ ಆಗ್ಬಹುದು. ಅದು ಸೋಮಾರಿತನ ಅಲ್ಲ. ಸ್ನಾಯು ಸೋತ ಹಾಗೆ ಬುದ್ಧಿ ಸೋಲ್ತಾ ಹೋಗಲ್ಲ."

"ಸಿನಿಮಾ ಕಥೆ ಮಾತ್ರ ಹೆಂಗೆ ನೆನಪಿರುತ್ತೆ?" ಗಂಡ ಬಿಡಲಿಲ್ಲ. "ನಾಟಕ ಆಡ್ತಾನೆ."

"ಅದು ಮನಸ್ಸಲ್ಲಿ ಕೂತಿರೋದು ಅಣ್ಣಾ. ಇದು ಈಗಷ್ಟೇ ಕಿವಿಗೆ ಬಿದ್ದ ಮಾತು. ಕೂರೋಕೆ ಮುಂಚೆ ಇನ್ನೊಂದು ಬಂದು ತಳ್ಳುತ್ತೆ. ಇವನಿಗೆ ಏನು ಸಲೀಸು, ಏನು ಕಷ್ಟ ಅಂತ ನಾನು ಹೇಳಕ್ಕಾಗಲ್ಲ. ಮಕ್ಕಳ ಕಲಿಕೆ ಪರೀಕ್ಷೆ ಮಾಡೋ ಮನಶ್ಶಾಸ್ತ್ರಜ್ಞರಿಗೆ ತೋರಿಸಿ, ದೊಡ್ಡಾಸ್ಪತ್ರೇಲಿ ಇರ್ತಾರೆ."

"ನಿಮಗೆ ಒಂದೇ ಸಾಮಾನು ಹೇಳಿದ್ರೂ ನೆನಪಿರಲ್ಲ," ಹೆಂಡತಿ ಗಂಡನನ್ನು ಚುಚ್ಚಿದಳು. "ನಿಮ್ಮನ್ನ ಯಾವ ಸ್ಕೂಲಿಂದ ಬಿಡಿಸ್ಲಿ?"

ಆಮೇಲೆ ಮಗನ ಕಡೆ ತಿರುಗಿ, "ಮರಿ, ಕಪ್ಪು ದಾರ," ಎಂದಳು. ಅಷ್ಟೇ.

ಅವನು ತಂದುಕೊಟ್ಟ. ಕೊಟ್ಟವನು ಅಲ್ಲೇ ನಿಂತ.

"ಬೆಳಗ್ಗೆ ಮೂರೂ ಕೇಳಿಸ್ತು ಅಮ್ಮಾ. ಒಳಗೆ ಹೋದ್ಮೇಲೆ ಒಂದೂ ಇರ್ಲಿಲ್ಲ. ಮತ್ತೆ ಕೇಳಿದ್ರೆ ಬೈತೀಯ ಅಂತ ಅಲ್ಲೇ ನಿಂತಿದ್ದೆ."

ತಾಯಿ ದಾರ ಪಕ್ಕಕ್ಕಿಟ್ಟು ಅವನನ್ನು ಹತ್ತಿರ ಕೂರಿಸಿಕೊಂಡಳು.

"ನಾಳೆ ಸ್ಕೂಲಿಗೆ ಹೋಗ್ತೀನಿ," ಎಂದ ಗಂಡ ಕೊನೆಗೆ. "ಬಿಡಿಸೋಕಲ್ಲ. ಒಂದೊಂದಾಗಿ ಹೇಳಿಕೊಡಿ ಅಂತ ಕೇಳೋಕೆ."

ಅವಳ ಗೊಂದಲವೆಲ್ಲ ಕರಗಿತೆಂದಲ್ಲ. ಆದರೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಿತು.

ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಸ್ನಾಯುಕ್ಷಯವಿರುವ ಮಗುವಿದೆಯೇ? ಶಾಲೆ ಬಿಡಿಸಬೇಡಿ. ಕಲಿಕೆಯ ಪರೀಕ್ಷೆಯನ್ನು ಬೇಗ ಮಾಡಿಸಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಬೇಕಾದರೆ ಚಿತ್ರ ಬರೆದು ತೋರಿಸಿ. ಮಗು ಸುಮ್ಮನೆ ನಿಂತಿದ್ದರೆ ಗದರಬೇಡಿ. ಏನಾಯಿತೆಂದು ಕೇಳಿ, ಉತ್ತರ ಬರುವವರೆಗೂ ಕಾಯಿರಿ.