ಅರಿಶಿಣದಿಂದ ಒಪ್ಪಿಸುವವರೆಗೆ

ನಾನೊಂದು ಸನಾದಿ. ಪಟ್ಟಣದವರು ಶಹನಾಯಿ ಎನ್ನುತ್ತಾರೆ. ಹಾಗೆಂದರೂ ಬೇಸರವಿಲ್ಲ, ಈ ವಯಸ್ಸಿನಲ್ಲಿ ಹೆಸರಿಗಾಗಿ ಜಗಳ ಕಾಯುವ ಚೈತನ್ಯ ನನ್ನಲ್ಲಿ ಉಳಿದಿಲ್ಲ. ಮುಧೋಳದ ಕಡೆಯ ಒಬ್ಬ ಬಡಿಗ ಗಟ್ಟಿ ಮರದ ತುಂಡೊಂದನ್ನು ಕೆತ್ತಿ, ಒಳಗೆ ಟೊಳ್ಳು ಮಾಡಿ, ಮೈಮೇಲೆ ತೂತು ಕೊರೆದು, ತುದಿಗೆ ಹಿತ್ತಾಳೆಯ ಅಗಲ ಬಾಯಿ ಜೋಡಿಸಿ ನನ್ನನ್ನು ಮಾಡಿದ. ಕೊರೆಯುವಾಗ ನೋವಾಯಿತೇ ಎಂದು ಕೇಳಬೇಡಿ. ಮರವಾಗಿದ್ದಾಗಿನ ನೆನಪು ನನಗೆ ಒಂದಿಷ್ಟೂ ಇಲ್ಲ. ಸನಾದಿಯಾದ ಮೇಲೆ ಮಾತ್ರ ನನ್ನೊಳಗಿಂದ ಹಾದುಹೋದ ಒಂದು ಹಾಡನ್ನೂ ಮರೆತಿಲ್ಲ. ನನ್ನ ದಣಿವಿಗೆಲ್ಲ ಅದೇ ಕಾರಣ.

ನನ್ನ ಮೊದಲ ಯಜಮಾನ ತಿಪ್ಪಣ್ಣ ಭಜಂತ್ರಿ. ಸುತ್ತಲಿನ ಊರುಗಳಲ್ಲಿ ಮದುವೆ ಎಂದರೆ ಅವನ ಮನೆಗೇ ವೀಳ್ಯ ಬರುತ್ತಿತ್ತು. ಸಿಡುಕಿನ ಮನುಷ್ಯ, ಆದರೆ ನನ್ನನ್ನು ತುಟಿಗಿಟ್ಟಾಗ ಹಸುಗೂಸಿನಂತೆ ಮೆತ್ತಗಾಗುತ್ತಿದ್ದ. ಮಗ ಪರಸಪ್ಪನಿಗೆ ಅವನು ಕಲಿಸಿದ ರೀತಿಯೇ ಬೇರೆ. ಯಾವ ಹಾಡಿಗೂ ಹೆಸರಿರಲಿಲ್ಲ. ಅರಿಶಿಣ ಹಚ್ಚುವಾಗ ಒಂದು, ಮದುಮಕ್ಕಳ ಮೈಮೇಲೆ ಸುರಗಿ ನೀರು ಹಾಕುವಾಗ ಒಂದು, ಬೀಗರನ್ನು ಎದುರುಗೊಳ್ಳುವಾಗ ಒಂದು, ತಾಳಿಯ ಹೊತ್ತಿಗೆ ಅಕ್ಕಿಕಾಳು ಬೀಳುವಾಗ ಒಂದು, ಊಟದ ಪಂಕ್ತಿಗೆ ಒಂದು, ಬೀಗರ ಚೇಷ್ಟೆಗೆ ಒಂದು, ಕಡೆಗೆ ಹೆಣ್ಣು ಒಪ್ಪಿಸುವಾಗ ಒಂದು. ಒಂದು ಮುಗಿದ ಕಡೆಯಿಂದಲೇ ಇನ್ನೊಂದನ್ನು ಹಿಡಿಯಬೇಕು.

"ಹಾಡು ನೆನಪಿಡಬ್ಯಾಡ," ಎನ್ನುತ್ತಿದ್ದ ತಿಪ್ಪಣ್ಣ, "ಮದುವಿ ನೆನಪಿಡು. ಹಾಡು ತಾನ ಬೆನ್ನ ಹತ್ತಿ ಬರತೈತಿ."

ಪರಸಪ್ಪ ಹಾಗೆಯೇ ಕಲಿತ. ತಂದೆ ತೀರಿಕೊಂಡ ಮೇಲೆ ನಾನು ಅವನ ಕೈಗೆ ಬಂದೆ. ಪರಸಪ್ಪ ಸೌಮ್ಯ ಸ್ವಭಾವದವನು, ಎಲೆಅಡಿಕೆಯ ಚಟದವನು. ಆ ಎಲೆಅಡಿಕೆಯ ವಾಸನೆಗೆ ಹೊಂದಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು. ಅವನ ಪಕ್ಕದಲ್ಲಿ ಕೂತು ಸುರ ಹಿಡಿಯುತ್ತಿದ್ದವನು ಹೆಂಡತಿಯ ತಮ್ಮ ಲಗಮಪ್ಪ. ಸುರವೂ ನನ್ನ ಹಾಗೆಯೇ ಊದುವ ವಾದ್ಯ, ಆದರೆ ಅದರದ್ದು ಒಂದೇ ಸ್ವರ. ಮದುವೆಯ ಶಾಸ್ತ್ರ ನಡೆದಿರುವಾಗ ಆ ಸ್ವರ ಕಡಿಯಬಾರದು, ಕಡಿದರೆ ಅಪಶಕುನ. ಲಗಮಪ್ಪ ಮೂಗಿನಿಂದ ಉಸಿರೆಳೆದು ಗಲ್ಲದಲ್ಲಿ ತುಂಬಿಟ್ಟುಕೊಂಡು ಗಂಟೆಗಟ್ಟಲೆ ಆ ಒಂದೇ ಸ್ವರವನ್ನು ಹಿಡಿದಿರುತ್ತಿದ್ದ. ಅವನ ಆಯುಷ್ಯವೆಲ್ಲ ಕಳೆದದ್ದು ಹೀಗೆ ಉಬ್ಬಿದ ಗಲ್ಲದಲ್ಲಿಯೇ.

ಒಪ್ಪಿಸುವ ಹಾಡಿಗೆ ಪರಸಪ್ಪನ ಹೆಸರು ದೊಡ್ಡದಿತ್ತು. ಹೆಣ್ಣಿನ ಕೈಯನ್ನು ತಾಯಿ ಹಿಡಿದು ಅತ್ತೆಯ ಮಡಿಲಲ್ಲಿ ಇಡುವ ಗಳಿಗೆಗೆ ಅವನು ಅದನ್ನು ಎತ್ತಿಕೊಂಡರೆ, ಅಲ್ಲಿಯವರೆಗೆ ಊಟದ ಕೊರತೆ ಆಡಿಕೊಳ್ಳುತ್ತಿದ್ದ ಬೀಗರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಸ್ವಲ್ಪ ಜಂಬವೂ ಇತ್ತೆನ್ನಿ.

ವಯಸ್ಸಾಗುತ್ತ ಬಂದಂತೆ ಅವನ ಕಲಿಕೆಯ ಹುಳುಕು ಹೊರಬಿತ್ತು. ಒಮ್ಮೆ ಒಂದು ಮದುವೆಯಲ್ಲಿ ಬೆಳಿಗ್ಗೆಯೇ ಯಾರೋ ಹಿರಿಯರು ಒಪ್ಪಿಸುವ ಹಾಡು ಬಾರಿಸೆಂದರು. ಪರಸಪ್ಪ ನನ್ನನ್ನು ತುಟಿಗಿಟ್ಟುಕೊಂಡ, ಬೆರಳು ತೂತಿನ ಮೇಲಿಟ್ಟ. ಏನೂ ಹೊಳೆಯಲಿಲ್ಲ. ನಡುವಿನಿಂದ ಹಿಡಿಯುವುದು ಅವನಿಗೆ ಗೊತ್ತೇ ಇರಲಿಲ್ಲ.

"ಅದಕ್ಕ ಅದರದ ಹೊತ್ತ ಐತ್ರೀ," ಎಂದು ಜಾರಿಕೊಂಡ. ಎಂಥ ನಿಷ್ಠಾವಂತ ಎಂದು ಜನ ತಲೆದೂಗಿದರು. ನನಗೆ ನಗುವೂ ಬಂತು, ಮರುಕವೂ ಹುಟ್ಟಿತು.

ಆಮೇಲೆ ಕ್ರಮದಲ್ಲಿ ಹೋದರೂ ಅಲ್ಲಲ್ಲಿ ತಡವರಿಸುವುದು ಶುರುವಾಯಿತು. ಒಂದು ಹಾಡು ಮುಗಿಸಿ ಮುಂದಿನದರ ಮೊದಲ ಎಳೆಗಾಗಿ ಅವನು ತಡಕಾಡುವಾಗ ನಾನು ಮೈಯೆಲ್ಲ ಕಿವಿಯಾಗಿ ಕಾಯುತ್ತಿದ್ದೆ. ಎಳೆ ಸಿಕ್ಕರೆ ಸಾಕು, ಉಳಿದದ್ದನ್ನು ಬೆರಳುಗಳೇ ನೋಡಿಕೊಳ್ಳುತ್ತಿದ್ದವು. ಲಗಮಪ್ಪನಿಗೆ ಎಲ್ಲ ಹಾಡೂ ಬಾಯಿಪಾಠ, ಆದರೆ ಬಾಯಲ್ಲಿ ಸುರ! ಒಂದಿಷ್ಟು ಗುನುಗಿ ತೋರಿಸೋಣವೆಂದರೆ ಸುರ ಕಡಿಯಬೇಕು. ಪಾಪ, ಹುಬ್ಬು ಹಾರಿಸುತ್ತಿದ್ದ, ಕಣ್ಣು ಹೊರಳಿಸುತ್ತಿದ್ದ, ಕಾಲಿನಿಂದ ಭಾವನ ಕಾಲು ತುಳಿಯುತ್ತಿದ್ದ. ಹುಬ್ಬಿನಿಂದ ಹಾಡು ಹೇಳಿಕೊಡಲು ಆಗುತ್ತದೆಯೇ? ನನಗೂ ಎಲ್ಲವೂ ಬರುತ್ತಿತ್ತು. ಆದರೆ ಊದುವವನು ಅವನು, ನಾನು ಬರೀ ಕೊಳವೆ.

ಮದುವೆಗಳಿಗೆ ಬ್ಯಾಂಡಿನವರು ಬಂದರು, ನಮ್ಮನ್ನು ಕರೆಯುವುದು ಕಡಿಮೆಯಾಯಿತು. ಪರಸಪ್ಪನಿಗೆ ಅದು ಒಳಗೊಳಗೆ ಹಗುರವೇ ಆಗಿತ್ತು. ಅಷ್ಟರಲ್ಲಿ ಮೊಮ್ಮಗಳು ಸುಗಂಧಾಳ ಮದುವೆ ಗೊತ್ತಾಯಿತು. ತಾಯಿಯಿಲ್ಲದ ಹುಡುಗಿ, ಅಜ್ಜನ ತೊಡೆಯ ಮೇಲೆಯೇ ಬೆಳೆದವಳು. ಅವಳು ಕೇಳಿದ್ದು ಒಂದೇ ಒಂದು.

"ಮುತ್ಯಾ, ಬ್ಯಾಂಡ್ ಬ್ಯಾಡ. ಊರಾನ ಹೆಣ್ಮಕ್ಕಳನ್ನೆಲ್ಲಾ ನೀನ ಬಾರಿಸಿ ಒಪ್ಪಿಸೀದಿ. ನನ್ನ ಒಪ್ಪಿಸೂದೂ ನೀನ ಬಾರಿಸಬೇಕು."

"ಬಾರಸ್ತೀನವ್ವಾ," ಎಂದ ಪರಸಪ್ಪ. ಅಂದಿನಿಂದ ದಿನಾಲೂ ಹಿತ್ತಲಲ್ಲಿ ಕೂತು ಅರಿಶಿಣದಿಂದ ಒಪ್ಪಿಸುವವರೆಗೆ ನುಡಿಸಿದ. ಕ್ರಮದಲ್ಲಿ ಹೋದರೆ ಬರುತ್ತಿತ್ತು. ನಾನೂ ಧೈರ್ಯ ತಂದುಕೊಂಡೆ.

ಮದುವೆ ನಡೆದದ್ದು ಸಮುದಾಯ ಭವನದಲ್ಲಿ. ಅರಿಶಿಣ, ಸುರಗಿ ಎರಡನ್ನೂ ಹಿಂದಿನ ದಿನವೇ ಮನೆಯಲ್ಲಿ ಮುಗಿಸಿದ್ದರು. ಆದರೂ ಪರಸಪ್ಪ ಬೆಳಿಗ್ಗೆ ಭವನದ ಹಿಂದೆ ಕೂತು ಆ ಎರಡು ಹಾಡನ್ನೂ ಮತ್ತೊಮ್ಮೆ ಊದಿಕೊಂಡೇ ಬೀಗರನ್ನು ಎದುರುಗೊಳ್ಳಲು ಬಂದಿದ್ದ. ಅಕ್ಕಿಕಾಳು ಬಿತ್ತು, ಪರಸಪ್ಪ ಚೆನ್ನಾಗಿಯೇ ನುಡಿಸಿದ. ಅಷ್ಟರಲ್ಲಿ ಗಂಡಿನ ಕಡೆಯವರ ಬಸ್ಸಿನ ಚಾಲಕ ಅವಸರ ಮಾಡಿದ, ಅವನಿಗೆ ಸಂಜೆ ಇನ್ನೊಂದು ಬಾಡಿಗೆ ಇತ್ತು. ಊಟವನ್ನು ಡಬ್ಬಿಗಳಲ್ಲಿ ಕಟ್ಟಿಸಿಕೊಂಡು ದಾರಿಯಲ್ಲಿ ಮಾಡಿದರಾಯಿತು, ಈಗಲೇ ಒಪ್ಪಿಸಿಬಿಡಿ ಎಂದು ಹಿರಿಯರು ತೀರ್ಮಾನಿಸಿದರು. ಊಟದ ಹಾಡಿಲ್ಲ, ಬೀಗರ ಚೇಷ್ಟೆ ಇಲ್ಲ, ನಡುವಿನ ಮೆಟ್ಟಿಲುಗಳನ್ನೇ ತೆಗೆದುಬಿಟ್ಟರು.

ಸುಗಂಧಾ ಅತ್ತೆಯ ಮುಂದೆ ಕೂತಳು. ತಾಯಿಯ ಜಾಗದಲ್ಲಿ ಅವಳ ಅಜ್ಜಿ ಕೂತು ಕೈ ಹಿಡಿದಳು. ಎಲ್ಲರೂ ನಮ್ಮ ಕಡೆ ನೋಡಿದರು. ಪರಸಪ್ಪ ನನ್ನನ್ನು ತುಟಿಗಿಟ್ಟು ಒಪ್ಪಿಸುವ ಹಾಡಿನ ಮೊದಲ ಎಳೆಗಾಗಿ ತಡಕಾಡಿದ. ಲಗಮಪ್ಪ ಸುರ ಹಿಡಿದು ಕಣ್ಣು ಹೊರಳಿಸಿದ. ಅಕ್ಕಿಕಾಳಿನ ಹಾಡಿನ ಎಳೆಯೂ ಹಿರಿಯರ ಮಾತುಕತೆಯ ಗದ್ದಲದಲ್ಲಿ ಕಡಿದುಹೋಗಿತ್ತು, ಕಡೆಗೆ ಪರಸಪ್ಪ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಅರಿಶಿಣದ ಹಾಡಿನಿಂದ ಶುರು ಮಾಡಿದ.

"ಈ ಮುದುಕ ಈಗ ಅರಿಶಿಣ ಹಚ್ಚಾಕ ಬಂದಾನೇನ?" ಎಂದು ಯಾರೋ ನಕ್ಕರು. ಇನ್ನೂ ನಾಲ್ಕು ಜನ ನಕ್ಕರು. ಪರಸಪ್ಪ ಕಣ್ಣು ಮುಚ್ಚಿ ಓಡುತ್ತಿದ್ದ. ಸುರಗಿ ದಾಟಿದ, ಎದುರುಗೊಳ್ಳುವ ಹಾಡಿಗೆ ಬಂದ. ನಾಚಿಕೆಯಿಂದ ನಾನು ಸೀಳಿಹೋಗಿದ್ದರೂ ಚೆನ್ನಾಗಿತ್ತು.

ಸುಗಂಧಾ ಮಾತ್ರ ನಗಲಿಲ್ಲ. ಅತ್ತೆಯ ಪಕ್ಕದಲ್ಲಿದ್ದ ಮಾವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಮುತ್ಯಾ ಇನ್ನಾ ದಾರ್ಯಾಗ ಅದಾನ್ರೀ. ಬರ್ತಾನ. ಒಂಚೂರು ತಡೀರಿ."

ಮಾವ ಒಳ್ಳೆಯ ಮನುಷ್ಯ, ತಡೆದ. ಅಕ್ಕಿಕಾಳಿನ ಹಾಡು ಮುಗಿಯುವವರೆಗೂ ತಡೆದ. ಹೊರಗೆ ಹಾರ್ನ್ ಮೇಲೆ ಹಾರ್ನ್. "ಹೊತ್ತಾತಲ್ಲ ತಂಗೀ," ಎಂದು ಕಡೆಗೆ ಎದ್ದ. ಪರಸಪ್ಪ ಊಟದ ಹಾಡಿನಲ್ಲಿರುವಾಗ ಅವಳ ಕೈ ಅತ್ತೆಯ ಮಡಿಲಿಗೆ ಬಿತ್ತು. ಬೀಗರ ಚೇಷ್ಟೆಯ ಹಾಡಿನಲ್ಲಿರುವಾಗ ಬಸ್ಸು ಹೊರಟಿತು. ಮೊಮ್ಮಗಳು ಅಳುತ್ತ ಹೋದದ್ದು ನಗೆಯಾಟದ ಹಾಡಿಗೆ. ಇದಕ್ಕಿಂತ ಕೆಟ್ಟದ್ದು ನನ್ನ ಜನ್ಮದಲ್ಲಿ ನಡೆದಿಲ್ಲ.

ಭವನ ಖಾಲಿಯಾಯಿತು. ಹಿಂದೆ ಪಾತ್ರೆ ತಿಕ್ಕುವ ಸದ್ದು. ಪರಸಪ್ಪ ಆ ಹಾಡನ್ನೂ ಮುಗಿಸಿದ. ಮುಗಿದ ಕಡೆಯಿಂದ ಒಪ್ಪಿಸುವ ಹಾಡು ತಾನಾಗಿ ಎದ್ದು ಬಂತು, ಒಂದು ಎಳೆಯೂ ತಪ್ಪದೆ. ಪಾತ್ರೆ ತಿಕ್ಕುವ ಹೆಂಗಸರು ಕೈ ನಿಲ್ಲಿಸಿ ಬಾಗಿಲಿಗೆ ಬಂದರು. ಲಗಮಪ್ಪ ಅಳುತ್ತಲೇ ಸುರ ಹಿಡಿದಿದ್ದ.

"ಕೂಸಿಗೆ ಕೇಳಿಸಿತೇನೋ ಲಗಮಾ?"

"ಕೇಳಿಸಿರತೈತಿ ಭಾವಾ. ಬಸ್ಸು ಇನ್ನಾ ಊರ ದಾಟಿಲ್ಲ."

ಬಸ್ಸು ಊರು ದಾಟಿ ಬಹಳ ಹೊತ್ತಾಗಿತ್ತು. ಪರಸಪ್ಪನಿಗೂ ಅದು ಗೊತ್ತಿತ್ತು.

ಪಂಚಮಿ ಹಬ್ಬಕ್ಕೆ ಸುಗಂಧಾ ತವರಿಗೆ ಬಂದಳು. ಪರಸಪ್ಪ ಎರಡು ದಿನ ಅವಳ ಮುಖ ತಪ್ಪಿಸಿ ಅಡ್ಡಾಡಿ, ಮೂರನೆಯ ದಿನ ಕೇಳಿಯೇಬಿಟ್ಟ. "ಅವತ್ತ ಕಡೀಕ ಬಂತವ್ವಾ. ನಿನಗ ಕೇಳಿಸಿತ್ತೇನ?"

"ಇಲ್ಲ ಮುತ್ಯಾ," ಎಂದಳು. ಅವಳಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. "ಈಗ ಬಾರಿಸು."

"ಅರಿಶಿಣದಿಂದನ ಹಿಡೀಬೇಕಲ್ಲವ್ವಾ."

"ಹಿಡಿ. ನಾ ಹೋಗೂದು ನಾಳೆ. ಇವತ್ತ ಪುರಸೊತ್ತ ಐತಿ."

ಅವಳು ಉಂಡಿಯ ತಟ್ಟೆ ಪಕ್ಕಕ್ಕಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಲಗಮಪ್ಪನನ್ನು ಕರೆಸಿದರು. ಪರಸಪ್ಪನ ಎದೆಯಲ್ಲಿ ಮೊದಲಿನ ಕಸುವಿರಲಿಲ್ಲ. ಒಂದೊಂದು ಹಾಡಿಗೂ ನಿಂತು ನೀರು ಕುಡಿದ. ಎದುರುಗೊಳ್ಳುವ ಹಾಡಿನಲ್ಲಿ ಎರಡು ಕಡೆ ದಾರಿ ತಪ್ಪಿ ಹಿಂದಕ್ಕೆ ಹೋಗಿ ಮತ್ತೆ ಬಂದ. ಯಾರೂ ಅವಸರ ಮಾಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವನು ಒಪ್ಪಿಸುವ ಹಾಡಿಗೆ ತಲುಪಿದ. ನಡುವೆ ಒಂದು ಸಾಲು ಹಾರಿಹೋಯಿತು, ಹೋದರೆ ಹೋಗಲಿ ಎಂದು ನಾನೂ ಬಿಟ್ಟುಕೊಟ್ಟೆ.

"ಇಷ್ಟನಾ? ಇದಕ್ಕ ಅಷ್ಟ ಮಂದಿ ಅಳತಿದ್ರಾ?" ಎಂದು ಸುಗಂಧಾ ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

ಪರಸಪ್ಪ ನನ್ನನ್ನು ಒರೆಸಿ, ಚೀಲಕ್ಕೆ ಹಾಕಿ, ಗೂಟಕ್ಕೆ ತೂಗುಹಾಕಿದ. ಇಂದಿಗೂ ಅಲ್ಲಿಯೇ ಇದ್ದೇನೆ. ಹಿತ್ತಾಳೆಗೆ ಕಿಲುಬು ಹಿಡಿದಿದೆ, ಮೈಯಲ್ಲೊಂದು ಸಣ್ಣ ಬಿರುಕು ಬಿಟ್ಟಿದೆ, ಹಾಡುಗಳೆಲ್ಲ ಒಳಗೆ ಸುಮ್ಮನೆ ಮಲಗಿವೆ. ದಣಿವಾಗಿದೆ, ಆದರೆ ಯಾರ ಮೇಲೂ ದೂರಿಲ್ಲ. ಅಂದು ಹಾಡು ಮುಗಿಸಿದ ಮರುದಿನ ಬೆಳಿಗ್ಗೆ ಸುಗಂಧಾ ಗಂಡನ ಮನೆಗೆ ಹೊರಟಾಗ ಬಸ್ಸಿನ ಹಾರ್ನ್ ಕೇಳಿಸಿತು. ಪರಸಪ್ಪ ಗೂಟದ ಕಡೆ ನೋಡಲೂ ಇಲ್ಲ, ಅವಳ ಚೀಲ ಹೊತ್ತುಕೊಂಡು ಮುಂದೆ ನಡೆದ. ಅವಳನ್ನು ಹಿಂದಿನ ದಿನವೇ ಒಪ್ಪಿಸಿಯಾಗಿತ್ತು.