ರಜೆ ಸಿಗದವಳು

ದ್ವೀಪದ ಹೋಟೆಲಿನ ಕ್ಲರ್ಕು ಗೋಡೆಯ ಮೊಳೆಗಳಿಂದ ಒಂದರ ಬದಲು ಎರಡು ಬೀಗದಕೈ ತೆಗೆದು ಮೇಜಿನ ಮೇಲಿಟ್ಟ. ಎರಡಕ್ಕೂ ಅಂಗೈಯಗಲದ ಹಿತ್ತಾಳೆಯ ಬಿಲ್ಲೆ. ಒಂದರಲ್ಲಿ ಏಳು, ಇನ್ನೊಂದರಲ್ಲಿ ಎಂಟು.

"ಅಕ್ಕಪಕ್ಕದ ರೂಮೇ ಕೊಟ್ಟಿದೀನಿ ಸರ್. ಅಣ್ಣ ತಂಗಿ ಅಂದ್ಮೇಲೆ ದೂರ ದೂರ ಯಾಕೆ. ಸೀಸನ್ ಮುಗಿದಿದೆ, ಎರಡು ರೂಮಾದ್ರೂ ದರ ಅದೇ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಪ್ಪು ಕ್ಲರ್ಕಿನದಲ್ಲ. ಈಗಷ್ಟೇ ಗಂಡ ಅವನೆದುರೇ, "ಸಿಸ್ಟರ್, ಗುರುತಿನ ಚೀಟಿ ನಿನ್ನ ಬ್ಯಾಗಲ್ಲಿದೆ ನೋಡು" ಎಂದಿದ್ದ. ಇಪ್ಪತ್ತೆಂಟು ವರ್ಷದ ಹಿಂದೆ ಅಂಗಡಿಯೊಂದರ ಬೋರ್ಡು ಬರೆಯುತ್ತಾ ಏಣಿಯಿಂದ ಬಿದ್ದು, ಕಾಲು ಮುರಿದುಕೊಂಡು, ನರ್ಸಾಗಿದ್ದ ಅವಳ ವಾರ್ಡಿಗೆ ಬಂದಿದ್ದ ಪೇಂಟರು ಅವನು. ಅಂದು ಕರೆದದ್ದು ಸಿಸ್ಟರ್. ಮದುವೆಯಾದ ಮೇಲೂ ಸಿಸ್ಟರ್. ನೆಂಟರು ಮುಸಿಮುಸಿ ನಕ್ಕು ಸುಸ್ತಾದರು. ಮಗಳೂ ಹಾಗೇ ಕರೆಯತೊಡಗಿದಾಗ ಅವಳು ಗದರಿಸಿ ಬಿಡಿಸಿದಳು. ಗಂಡನ ಬಾಯಿಂದ ಮಾತ್ರ ಬಿಡಿಸಲಾಗಲಿಲ್ಲ.

ಅವಳು ಬಾಯಿ ತೆರೆಯುವ ಮೊದಲೇ ಅವನು ಏಳನೆಯ ನಂಬರಿನ ಬೀಗದಕೈ ಎತ್ತಿಕೊಂಡಾಗಿತ್ತು. ಬಿಲ್ಲೆಯನ್ನು ಬೆಳಕಿಗೆ ಹಿಡಿದು, "ಈ ಏಳನ್ನ ಕೆತ್ತಿದೋನ ಕೈ ಒಂಚೂರೂ ನಡುಗಿಲ್ಲ" ಎಂದ.

ತಮಾಷೆ ಇರಬೇಕು, ಮೆಟ್ಟಿಲು ಹತ್ತುವಷ್ಟರಲ್ಲಿ ಮುಗಿಯುತ್ತದೆ ಎಂದುಕೊಂಡಳು. ಬೆನ್ನ ಹಿಂದೆ, ಅದೇ ದೋಣಿಯಿಂದ ಇಳಿದ ನಾಲ್ಕು ಜನ ಪೆಟ್ಟಿಗೆ ಹಿಡಿದು ನಿಂತಿದ್ದರು. ಐವತ್ತೆಂಟರ ವಯಸ್ಸಿನಲ್ಲಿ ಅವರೆದುರು ನಿಂತು 'ನಾವು ಗಂಡ ಹೆಂಡತಿ' ಎಂದು ಸಾರುವುದಕ್ಕೆ ನಾಲಿಗೆ ಏಳಲಿಲ್ಲ. ಬದಲಿಗೆ, "ಇಲ್ಲಿ ಡಾಕ್ಟರ್ ಇದಾರಾ?" ಎಂದು ಕೇಳಿದಳು.

"ಮಂಗಳವಾರದ ದೋಣೀಲಿ ಬರ್ತಾರೆ ಮೇಡಂ."

ಅಂದು ಶುಕ್ರವಾರ.

ಮೆಟ್ಟಿಲಿನ ತಿರುವಿನಲ್ಲಿ ಅಮೃತಶಿಲೆಯ ಫಲಕವೊಂದಿತ್ತು. ಬೋರ್ಡು ಕಂಡರೆ ಪೇಂಟರಿಗೆ ಕಾಲು ಮುಂದೆ ಹೋಗುವುದಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ನೂರಾ ನಲವತ್ತು ವರ್ಷದ ಹಿಂದೆ, ಹಡಗಿನಲ್ಲಿ ರೋಗ ಹೊತ್ತು ಬಂದವರನ್ನು ಊರಿಗೆ ಬಿಡದೆ ನಲವತ್ತು ದಿನ ಇಟ್ಟುಕೊಳ್ಳುತ್ತಿದ್ದ ಮನೆಯಂತೆ ಇದು. ಆಮೇಲೆ ಯಾರೋ ಕೊಂಡು, ಕಿಟಕಿಗಳನ್ನು ದೊಡ್ಡದು ಮಾಡಿಸಿ ಹೋಟೆಲು ಮಾಡಿದರಂತೆ.

"ಆಸ್ಪತ್ರೆ ಬಿಟ್ಟು ಆಸ್ಪತ್ರೆಗೇ ಬಂದ್ವಲ್ಲ" ಎಂದ. "ನಿನ್ನ ಸ್ನೇಹಿತೆಯರು ಹುಡುಕಿ ಹುಡುಕಿ ಕೊಟ್ಟಿದಾರೆ."

ಹದಿನೈದು ದಿನದ ಹಿಂದೆ ಅವಳು ನಿವೃತ್ತಳಾದಾಗ ವಾರ್ಡಿನವರೆಲ್ಲ ಸೇರಿ ಕೊಟ್ಟ ಉಡುಗೊರೆ ಅದು: ದ್ವೀಪದಲ್ಲಿ ಎರಡು ದಿನ, ಇಬ್ಬರಿಗೆ. 'ಇನ್ನಾದ್ರೂ ಕಾಲು ಚಾಚಿ ಕೂತ್ಕೊಳ್ಳಿ' ಎಂದು ಲಕೋಟೆಯ ಮೇಲೆ ಬರೆದಿದ್ದರು.

ಏಳನೆಯ ಕೋಣೆಯ ಮುಂದೆ ಅವಳು ನಿಂತಳು. "ರೀ, ಕೆಳಗೆ ಹೋಗಿ ಹೇಳಿ ಬರ್ತೀನಿ."

"ಏನಂತ?"

"ಒಂದೇ ರೂಮು ಸಾಕು ಅಂತ."

ಅವನು ಬೀಗ ತಿರುಗಿಸುತ್ತಲೇ ಇದ್ದ. "ಒಂದು ರಾತ್ರಿ ಹೀಗೇ ಇರಲಿ ಬಿಡು, ಸಿಸ್ಟರ್."

ದನಿಯಲ್ಲಿ ತಮಾಷೆ ಇರಲಿಲ್ಲ. ಅವಳಿಗೆ ಒಮ್ಮೆಲೇ ಹೇಳಬೇಕಾದ್ದೆಲ್ಲ ನೆನಪಿಗೆ ಬಂತು. "ನೀಲಿ ಮಾತ್ರೆ ಊಟಕ್ಕೆ ಮುಂಚೆ."

"ಗೊತ್ತು."

"ಎಡಕ್ಕೆ ತಿರುಗಿ ಮಲಗ್ಬೇಡಿ."

"ಹೂಂ."

"ಚಿಲಕ ಹಾಕ್ಕೋಬೇಡಿ."

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ಅವನ ಎದೆ ಸೀಳಿ ಹೊಲಿದು ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಅವಳು ಹಾಸಿಗೆಯ ಮೇಲೆ ಮಲಗಿದ್ದಳು ಅಷ್ಟೆ, ನಿದ್ದೆ ಮಾಡಿರಲಿಲ್ಲ. ಅವನ ಹೊದಿಕೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಏರುವುದು ತುಸು ತಡವಾದರೆ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು. ಅವನು ಕಣ್ಣು ಬಿಡದೆಯೇ, "ಇನ್ನೂ ಇದೀನಿ" ಎನ್ನುತ್ತಿದ್ದ. ವಾರ್ಡಿನಲ್ಲಿ ನಲವತ್ತು ಹಾಸಿಗೆ ನೋಡಿಕೊಂಡವಳಿಗೆ ಮನೆಯ ಒಂದು ಹಾಸಿಗೆ ಭಾರವಾಗಿತ್ತು.

ಆ ಸಂಜೆ ಗೋಡೆಯಾಚೆಯಿಂದ ಸಿಳ್ಳೆ ಕೇಳಿಸಿತು. ಅವನು ಸಿಳ್ಳೆ ಹಾಕಿ ಯಾವ ಕಾಲವಾಗಿತ್ತೋ. ಆಮೇಲೆ ಅದೂ ನಿಂತಿತು. ಕುರ್ಚಿಯನ್ನು ಗೋಡೆಗೆ ಒತ್ತಿ ಕೂತಳು, ಎದ್ದಳು, ಕಿಟಕಿ ಮುಚ್ಚಿದಳು, ಮತ್ತೆ ತೆರೆದಳು. ಕಿವಿಗೊಟ್ಟರೆ ಸಮುದ್ರವೊಂದೇ ಉಸಿರಾಡುತ್ತಿತ್ತು. ಅದರ ಅಬ್ಬರದಲ್ಲಿ ಮನುಷ್ಯರ ಉಸಿರು ಎಲ್ಲಿ ಕೇಳಬೇಕು.

ಬೆಳಕು ಹರಿದು ಅವಳು ಹೊರಗೆ ಬಂದಾಗ ಏಳನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಕೋಣೆ ಗುಡಿಸುವ ಹೆಂಗಸು ಪೊರಕೆ ಹಿಡಿದು ನಿಂತು ಮಂಚವನ್ನೇ ನೋಡುತ್ತಿದ್ದಳು. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಹೊದಿಕೆಯ ನಾಲ್ಕು ಮೂಲೆಗಳನ್ನೂ ವಾರ್ಡಿನಲ್ಲಿ ಮಡಚುವಂತೆ ಓರೆಯಾಗಿ ಮಡಚಿ ಬಿಗಿದಿತ್ತು. ವಾರ್ಡಿನಲ್ಲಿ ಹಾಸಿಗೆಯನ್ನು ಹಾಗೆ ಮಾಡಿಡುವುದು ಯಾವಾಗ ಎಂದು ಅವಳಿಗೆ ಗೊತ್ತಿತ್ತು: ಒಂದೋ ರೋಗಿ ಮನೆಗೆ ಹೋದಾಗ, ಇಲ್ಲವೇ...

"ನಾನು ಮುಟ್ಟೇ ಇಲ್ಲ ಅಕ್ಕ" ಎಂದಳು ಹೆಂಗಸು. "ನಿಮ್ಮಣ್ಣನೇ ಮಾಡಿಟ್ಟು ಹೋಗಿದಾರೆ. ಇಂಥ ಗಂಡಸ್ರು ನಮ್ಮನೇಲಿ ಯಾಕೆ ಹುಟ್ಟಲ್ವೋ."

"ಎಲ್ಲಿಗೆ ಹೋದ್ರು?"

"ಸಮುದ್ರದ ಕಡೆ. ಒಂದು ಗಂಟೆ ಆಯ್ತೇನೋ." ಪೊರಕೆಯನ್ನು ಗೋಡೆಗೆ ಒರಗಿಸಿದಳು. "ನನ್ನ ಬಾಯಿ ಸುಮ್ನಿರಲ್ಲ ನೋಡಿ, ಅತ್ತಿಗೆನ ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ಕೇಳ್ದೆ. ಅವಳಿಗೆ ರಜಾ ಸಿಗ್ಲಿಲ್ಲಮ್ಮ, ಡ್ಯೂಟಿ ಮೇಲಿದಾಳೆ ಅಂದ್ರು. ಪಾಪ, ಈ ವಯಸ್ಸಲ್ಲೂ ದುಡೀತಾರಾ ಅವರು?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ರಿಟೈರ್ ಆಗಿದೆ ಅವರಿಗೆ."

"ಹೌದಾ? ಮತ್ತೆ ಅವರ್ಯಾಕೆ ಹಾಗಂದ್ರು?"

ಅವಳು ಹೊರಟಾಗಿತ್ತು. ಇಳಿಯುವಾಗ ಮೆಟ್ಟಿಲೊಂದು ತಪ್ಪಿತು.

ಅವನು ಹಳೆಯ ಕಟ್ಟೆಯ ಮೇಲೆ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಮರಳು ಮೆತ್ತಿದ ಕಾಲು ಇಳಿಬಿಟ್ಟು ಕೂತಿದ್ದ. ಅವಳು ಮೊದಲು ನೋಡಿದ್ದು ಅವನ ತುಟಿಯ ಬಣ್ಣವನ್ನು, ಆಮೇಲೆ ಉಗುರುಗಳನ್ನು. ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಸಿಟ್ಟು ಬಂತು.

"ನಿಮ್ಮ ಹೆಂಡತಿಗೆ ರಜಾ ಸಿಗ್ಲಿಲ್ಲವಂತೆ."

ಅವನ ಕಿವಿ ಕೆಂಪಾಯಿತು. "ಆ ಹೆಂಗಸಿನ ಬಾಯಿಗೆ ಒಂದು ಬೀಗ ಹಾಕಿಸ್ಬೇಕು." ಆಮೇಲೆ, "ಸುಳ್ಳಾ?" ಎಂದ.

ಅವಳು ಕಟ್ಟೆಯ ಮೇಲೆ ಅವನ ಪಕ್ಕ ಕೂತಳು.

"ನಿನ್ನೆ ಮಲಗಿದೋನು ಬೆಳಗ್ಗೆ ಐದಕ್ಕೆ ಎದ್ದೆ ಕಣೇ. ನಡುವೆ ಒಂದ್ಸಲಾನೂ ಎಚ್ಚರ ಆಗ್ಲಿಲ್ಲ. ಮನೇಲಿ ಕಣ್ಣು ಬಿಟ್ಟಾಗೆಲ್ಲ ನೀನು ನೋಡ್ತಾ ಇರ್ತೀಯ. ನೀನು ಹಾಗೆ ನೋಡ್ತಿದೀಯ ಅಂದ್ರೆ, ನಾನು ಸಾಯ್ತಿದೀನೇನೋ ಅಂತ ನಂಗೇ ಅನುಮಾನ ಬರುತ್ತೆ."

"ನೋಡದೇ ಇದ್ದಾಗ್ಲೇ ಅಲ್ವಾ ಆಗಿದ್ದು" ಎಂದಳು. "ನೀವು ಅಡುಗೆಮನೇಲಿ ಬಿದ್ದಿದ್ರಿ. ನಾನು ಯಾರದೋ ನಾಡಿ ಹಿಡ್ಕೊಂಡು ನಿಂತಿದ್ದೆ."

ಅದನ್ನು ಅವಳು ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅವನು ಕಾಲುಗಳನ್ನು ಒಂದಕ್ಕೊಂದು ಉಜ್ಜಿ ಮರಳು ಉದುರಿಸಿದ. "ಗೊತ್ತು" ಎಂದ. "ಅದು ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ."

ನೀರು ಬಹಳ ದೂರಕ್ಕೆ ಇಳಿದಿತ್ತು. ಹಿಂದೆ ಹಡಗಿನವರು ಇಳಿಯುತ್ತಿದ್ದ ಕಪ್ಪು ಕಲ್ಲುಗಳು ಒಂದರ ಹಿಂದೆ ಒಂದು ಮೇಲೆದ್ದಿದ್ದವು. ಕೊನೆಯ ಕಲ್ಲಿನ ಮೇಲೆ ತುಕ್ಕು ಹಿಡಿದ ದೀಪದ ಕಂಬ. ಅವನು ಎದ್ದು ನಿಂತ.

"ಅಲ್ಲಿವರೆಗೆ ಹೋಗಿ ಬರ್ತೀನಿ. ಅರ್ಧ ಗಂಟೆ. ನೀರು ಮೊಣಕಾಲಿಗೂ ಬರಲ್ಲ."

"ನಾನೂ ಬರ್ತೀನಿ."

"ಬೇಡ."

"ಹಾಗಾದ್ರೆ ಇಲ್ಲೇ ಕೂತಿರ್ತೀನಿ."

"ಅದೂ ಬೇಡ. ನೀನು ಹೋಗಿ ತಿಂಡಿ ತಿನ್ನು. ಆರಿ ಹೋಗುತ್ತೆ."

ದಿನಕ್ಕೆ ಅರ್ಧ ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಿದವಳು ಅವಳೇ. ಬೇಡವೆನ್ನಲು ಕಾರಣ ಹುಡುಕಿದಳು. ಗಾಳಿಯಿಲ್ಲ, ಬಿಸಿಲಿಲ್ಲ. ಅವನು ಆಗಲೇ ಮೊದಲ ಕಲ್ಲು ದಾಟಿದ್ದ.

ಹೋಟೆಲಿನ ಬಾಗಿಲಲ್ಲಿ ಕ್ಲರ್ಕು ನಗುತ್ತಾ ಎದುರಾದ. "ನಿಮ್ಮಣ್ಣ ತಿಂಡಿಗೆ ಬರಲ್ವಾ ಮೇಡಂ?"

"ಅಣ್ಣ ಅಲ್ಲ. ನಮ್ಮ ಯಜಮಾನ್ರು."

ಅವನ ನಗು ಹಾಗೇ ನಿಂತಿತು. "ಅಯ್ಯೋ, ತಪ್ಪಾಯ್ತು ಮೇಡಂ. ಅವರು ಸಿಸ್ಟರ್ ಅಂದ್ರು, ನಾನು..." ಎನ್ನುತ್ತಾ ಮೇಜಿನ ಹಿಂದಕ್ಕೆ ಓಡಿ ರಿಜಿಸ್ಟರು ತೆರೆದ. "ಈಗಿಂದೀಗ ದೊಡ್ಡ ರೂಮಿಗೆ ಬದಲಾಯಿಸ್ತೀನಿ. ಸಮುದ್ರ ಪೂರ್ತಿ ಕಾಣುತ್ತೆ."

ಅವಳು ಅವನ ಪೆನ್ನಿನ ಮೊನೆಯನ್ನೇ ನೋಡಿದಳು. ಒಂದು ಗೀಟು ಎಳೆದರೆ ಮುಗಿಯಿತು. ಎಳೆಯಲು ಹೇಳಬೇಕೆಂದೇ ಬಾಯಿ ತೆರೆದಳು.

"ಬೇಡ. ಇವತ್ತೂ ಎರಡೇ ಇರಲಿ."

"ಎರಡಾ?"

"ಎರಡು."

ಊಟದ ಕೋಣೆಯ ಒಂದು ಬದಿಗೆ ನೆಲದಿಂದ ಸೂರಿನವರೆಗೆ ಗಾಜು. ಬಡಿಸುವವನು ಗಾಜಿನ ಕಡೆ ಮುಖವಿದ್ದ ಕುರ್ಚಿಯನ್ನು ಎಳೆದುಕೊಟ್ಟ. ಅವಳು ಮೇಜನ್ನು ಸುತ್ತಿ ಬಂದು ಎದುರಿನ ಕುರ್ಚಿಯಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ಕೂತಳು.

"ಅಲ್ಲಿಂದ ಏನೂ ಕಾಣಲ್ಲ ಮೇಡಂ."

"ಪರವಾಗಿಲ್ಲ."

ಸಮುದ್ರ ಕಾಣದಿದ್ದರೇನು, ಸಮುದ್ರವನ್ನು ನೋಡುವವರ ಮುಖ ಕಾಣುತ್ತಿತ್ತು. ಚಹಾ ಬಗ್ಗಿಸುವಾಗ ಬಡಿಸುವವನ ಕಣ್ಣು ಅವಳ ಭುಜದಾಚೆ ಹೋಗಿ ಬಂತು. ಅದರಲ್ಲಿ ಏನೂ ಇರಲಿಲ್ಲ. ಎದುರಿನ ಮೇಜಿನಲ್ಲಿ ಇಬ್ಬರು ಮುದುಕರು, ಗಂಡ ಹೆಂಡತಿ, ಒಂದೇ ತಟ್ಟೆಯಿಂದ ಬ್ರೆಡ್ಡು ತಿನ್ನುತ್ತಿದ್ದರು. ಮುದುಕ ಅಗಿಯುವುದನ್ನು ನಿಲ್ಲಿಸಿ, ಕೈ ಎತ್ತಿ, ಹೆಂಡತಿಗೆ ಹೊರಗೆ ಏನನ್ನೋ ತೋರಿಸಿದ. ಮುದುಕಿ ಕನ್ನಡಕಕ್ಕಾಗಿ ಚೀಲದಲ್ಲಿ ತಡಕಾಡಿದಳು.

ಇವಳ ಕತ್ತು ಅರ್ಧ ತಿರುಗಿತು. ಅಲ್ಲಿಗೇ ನಿಲ್ಲಿಸಿದಳು. ಬೇಯಿಸಿದ ಮೊಟ್ಟೆಯನ್ನು ಬಟ್ಟಲಿನಿಂದ ಎತ್ತಿ ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿ, ತಲೆ ತಗ್ಗಿಸಿ, ಸಿಪ್ಪೆಯನ್ನು ಚೂರುಚೂರಾಗಿ ಬಿಡಿಸತೊಡಗಿದಳು.