ಬೆನ್ನು ಬರೆ, ಕೈ ಬರೆ

ಸೋದರಮಾವನ ಅಂಗಡಿಯಲ್ಲಿ ಬೋರ್ಡು ಬರೆಯುತ್ತಿದ್ದ ಹುಡುಗಿಗೆ ವಾರಪತ್ರಿಕೆಯೊಂದರ ಕಥೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಮಗನನ್ನು ಕಳೆದುಕೊಂಡ ಮುದುಕಿಯ ಕಥೆ. ಹುಡುಗಿ ಕೆನ್ನೆ ತುಂಬ ಕಣ್ಣೀರು ಇಳಿಸಿ ಚಿತ್ರ ಕಳಿಸಿದಳು. ಅದು ಅಚ್ಚಾದ ವಾರದಲ್ಲೇ ಕಥೆಗಾರರ ಕಾಗದ ಬಂತು. ವಯಸ್ಸಾದ, ದೊಡ್ಡ ಹೆಸರಿನ ಮನುಷ್ಯ. 'ನನ್ನ ಮುದುಕಿ ಅಳುವುದಿಲ್ಲ. ಕಥೆ ಓದಿದೆಯೋ ಇಲ್ಲವೋ?' ಎಂದಷ್ಟೇ ಇತ್ತು.

ಹುಡುಗಿಗೆ ಮೈಯೆಲ್ಲ ಉರಿದುಹೋಯಿತು. ಬ್ರಷ್ಷು ತೊಳೆಯುವುದನ್ನೂ ಬಿಟ್ಟು ಉತ್ತರ ಗೀಚಿದಳು: 'ಓದಿದೆ. ನೀವು ಅಳಲು ಬಿಡಲಿಲ್ಲ. ಪಾಪ ಅನ್ನಿಸಿ ನಾನು ಬಿಟ್ಟೆ.'

"ದೊಡ್ಡವರಿಗೆ ಹೀಗಾ ಬರೆಯೋದು?" ಎಂದ ಮಾವ. "ಆ ಪತ್ರಿಕೆ ಬಾಗಿಲು ಇನ್ನು ಮುಚ್ಚಿತು ಅಂತ ತಿಳ್ಕೋ."

ಆದರೆ ಬಂದದ್ದು ದಪ್ಪ ಲಕೋಟೆ. 'ಕೋಪ ಚೆನ್ನಾಗಿದೆ ಮಗಳೇ, ಚಿತ್ರ ಚೆನ್ನಾಗಿಲ್ಲ. ದುಃಖವೆಲ್ಲ ಕಣ್ಣಲ್ಲೇ ಇರುತ್ತದೆ ಅಂತ ಯಾರು ಹೇಳಿದರು? ಸ್ವಲ್ಪ ದಿನ ಮುಖ ಬರೆಯಬೇಡ. ಬೆನ್ನು ಬರೆ, ಕೈ ಬರೆ.'

ಅವಳು ಬರೆದಳು. ಬಸ್ಸಿಗೆ ಕಾಯುವವರ ಬೆನ್ನು, ಏಣಿ ಹತ್ತಿದ ಮಾವನ ಬೆನ್ನು, ಪಾತ್ರೆ ಉಜ್ಜುವ ಅಮ್ಮನ ಕೈ. ಕಳಿಸಿದ್ದಕ್ಕೆಲ್ಲ ಉತ್ತರ ಬರುತ್ತಿತ್ತು; ಹೊಗಳಿಕೆ ಮಾತ್ರ ಚಿಟಿಕೆ ಉಪ್ಪಿನಷ್ಟು. ಒಮ್ಮೆ ಬೇಸತ್ತು, 'ನನಗೆ ಅಂಗಡಿ ಬೋರ್ಡೇ ಗತಿ' ಎಂದು ಬರೆದಳು. 'ಬೋರ್ಡಿನಲ್ಲಿ ಅಕ್ಷರದ ಸುತ್ತ ಜಾಗ ಬಿಡುತ್ತೀಯಲ್ಲ, ಚಿತ್ರದಲ್ಲೇಕೆ ಗಂಟುಮೂಟೆ ತುಂಬುತ್ತೀ?' ಎಂದು ಬಂತು.

ಅಮ್ಮನ ಚಿತ್ರದಲ್ಲಿದ್ದ ಕಪಾಟು, ಗಡಿಯಾರ, ಕಿಟಕಿಯನ್ನೆಲ್ಲ ಅವಳು ಬಿಳಿ ಬಣ್ಣದಲ್ಲಿ ಮುಚ್ಚಿದಳು. ಕೈಗಳಷ್ಟೇ ಉಳಿದವು. ಅಮ್ಮ ನೋಡಿ, "ನಾನು ಇಷ್ಟು ಸುಸ್ತಾಗಿದೀನಾ?" ಎಂದು ತನ್ನ ಕೈ ತಿರುಗಿಸಿ ನೋಡಿಕೊಂಡಳು.

ಆ ಚಿತ್ರಗಳನ್ನು ಗ್ರಂಥಾಲಯದ ಹಜಾರದಲ್ಲಿ ಪ್ರದರ್ಶನಕ್ಕೆಂದು ತೂಗುಹಾಕಿದಾಗ ಕಥೆಗಾರರು ಸೊಸೆಯ ತೋಳು ಹಿಡಿದು ಬಂದರು. ಕಾಗದದಲ್ಲಿ ಅಷ್ಟು ಗದರುವವರು ಇಷ್ಟು ಕುಳ್ಳಗಿರಬಹುದೆಂದು ಹುಡುಗಿ ಎಣಿಸಿರಲಿಲ್ಲ.

"ಬಂದ್ರಾ ಸರ್?"

"ಬಂದೆ."

ಸೊಸೆ ನಕ್ಕು, ಪಕ್ಕದಲ್ಲಿದ್ದ ಹುಡುಗಿಯ ಅಮ್ಮನಿಗೆ ಹೇಳಿದಳು, "ನಿಮ್ಮ ಮಗಳ ಕಾಗದ ಬಂದ್ರೆ ಊಟ ಬಿಟ್ಟು ಓದ್ತಾರೆ ನಮ್ಮ ಮಾವ. ಈಗ ನೋಡಿ, ಬಾಯಿಗೆ ಬೀಗ."

ಅವರು ಅಮ್ಮನ ಕೈಗಳ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. "ಮನೆಗೆ ಹೋಗಿ ಬರೀತೀನಿ," ಎಂದು ಹುಡುಗಿಯ ತಲೆ ಮುಟ್ಟಿ ಹೊರಟರು.

ಕಾಗದದ ಜೊತೆಗೆ ಅವರ ಹೊಸ ಕಾದಂಬರಿಯ ಹಸ್ತಪ್ರತಿಯೂ ಬಂತು. 'ಇದಕ್ಕೆ ಚಿತ್ರ ನಿನ್ನದೇ. ಓದುವಾಗ ಹೆಚ್ಚಾಯಿತು ಅನ್ನಿಸಿದ ಕಡೆ ಗೆರೆ ಹೊಡೆ. ದಾಕ್ಷಿಣ್ಯ ಬೇಡ.'

ಹುಡುಗಿ ಪೆನ್ಸಿಲು ಚೂಪು ಮಾಡಿಕೊಂಡು ಕುಳಿತಳು. ಮೊದಲ ಪುಟದಲ್ಲೇ ಎರಡು ಸಾಲು ಹೋದವು.